ಎಂಜಿನ್ ಬ್ರೇಕ್: ಗ್ಯಾಪ್ ಹೊಂದಾಣಿಕೆಯ ಇತಿಹಾಸ

ಕನ್ನಡದಲ್ಲಿ ‘ಎಂಜಿನ್ ಬ್ರೇಕ್’ ಎಂಬ ಒಂದೇ ಮಾತು ಮೂರು ಸಂಗತಿಗಳಿಗೆ ಬಳಕೆಯಾಗುತ್ತಿದೆ. ಶಿರಾಡಿ ಘಾಟಿಯಂಥ ಇಳಿಜಾರಿನಲ್ಲಿ ಚಾಲಕರು ಕೆಳಗಿನ ಗೇರಿಗೆ ಹಾಕಿ, ಎಂಜಿನ್ನಿನ ತಡೆಯಲ್ಲೇ ಲಾರಿ ಇಳಿಸುವುದು ಒಂದು. ಹೊಗೆ ಹೋಗುವ ದಾರಿಗೆ ತಟ್ಟೆ ಅಡ್ಡ ಬರುವ ಎಕ್ಸಾಸ್ಟ್ ಬ್ರೇಕ್ ಇನ್ನೊಂದು. ಸಿಲಿಂಡರಿನಲ್ಲಿ ಒತ್ತಿದ ಗಾಳಿಯನ್ನು ವಾಲ್ವ್ ತೆರೆದು ಹೊರಬಿಡುವ ಕಂಪ್ರೆಷನ್ ಬ್ರೇಕ್ ಮೂರನೆಯದು. ರಾಕರ್ ಕವರ್ ಬಿಚ್ಚಿ ಗ್ಯಾಪ್ ಸೆಟ್ ಮಾಡಬೇಕಾದದ್ದು ಈ ಮೂರನೆಯದಕ್ಕೆ. ಇಲ್ಲಿ ಹೇಳಿರುವುದೂ ಅದನ್ನೇ.

ಇದರ ಹುಟ್ಟಿನ ಕಾಲವನ್ನು 1931, 1961, 1965 ಎಂದು ಬೇರೆ ಬೇರೆಯಾಗಿ ಹೇಳುವುದುಂಟು. ಮೂರೂ ನಿಜವಾದ ಘಟನೆಗಳೇ, ಆದರೆ ಒಂದೇ ಘಟನೆಯಲ್ಲ. 1931ರಲ್ಲಿ ಅಮೆರಿಕದ ಡೀಸೆಲ್ ಎಂಜಿನ್ ತಯಾರಕ ಕ್ಲೆಸ್ಸಿ ಕಮಿನ್ಸ್ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಡೀಸೆಲ್ ಟ್ರಕ್ಕಿನಲ್ಲಿ ಹೊರಟಿದ್ದರು. ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆ ಇಳಿಯುವಾಗ ಬ್ರೇಕ್ ಕಾಯ್ದು ಹಿಡಿಯದಾಯಿತು. ಕೆಳಗಿನ ರೈಲು ದಾಟಿನಲ್ಲಿ ಗೂಡ್ಸ್ ಗಾಡಿಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು. ಅಂದು ಹುಟ್ಟಿದ್ದು ಯೋಚನೆ, ಯಂತ್ರವಲ್ಲ. ಯಂತ್ರ ರೂಪುಗೊಂಡದ್ದು ಅವರು ಕಂಪನಿಯಿಂದ ನಿವೃತ್ತರಾದ ಮೇಲೆ. ಅದನ್ನು 1961ರಲ್ಲಿ ಮಾರುಕಟ್ಟೆಗೆ ತಂದದ್ದು ಡ್ರಿಲ್ ಚಕ್ಕುಗಳಿಗೆ ಹೆಸರಾಗಿದ್ದ ಕನೆಕ್ಟಿಕಟ್ಟಿನ ಜೇಕಬ್ಸ್ ಕಂಪನಿ. ‘ಜೇಕ್ ಬ್ರೇಕ್’ ಎಂಬ ಹೆಸರು ಬಂದದ್ದು ಹೀಗೆ. ಪೇಟೆಂಟ್ ಸಿಕ್ಕಿದ್ದು 1965ರಲ್ಲಿ.

ಕಮಿನ್ಸ್ ಅವರ ಜಾಣ್ಮೆ ಇದ್ದದ್ದು ವಾಲ್ವ್ ತೆರೆಯುವ ಸಮಯವನ್ನು ಎಲ್ಲಿಂದ ಪಡೆಯಬೇಕೆಂಬುದರಲ್ಲಿ. ಅವರ ಎಂಜಿನ್ನಿನಲ್ಲಿ ಇಂಜೆಕ್ಟರಿಗೆಂದೇ ಒಂದು ಕ್ಯಾಮ್ ಇತ್ತು. ಅದು ಎದ್ದು ತಳ್ಳುತ್ತಿದ್ದದ್ದು ಪಿಸ್ಟನ್ ಮೇಲಕ್ಕೆ ಬಂದು ಗಾಳಿಯನ್ನು ಒತ್ತಿ ಮುಗಿಸುವ ಹೊತ್ತಿಗೇ. ಆ ಚಲನೆ ಒಂದು ಪುಟ್ಟ ಪಿಸ್ಟನ್ನನ್ನು ತಳ್ಳುತ್ತದೆ, ನಡುವೆ ಸಿಕ್ಕಿಬಿದ್ದ ಎಂಜಿನ್ ಆಯಿಲ್ ಇನ್ನೊಂದು ಪಿಸ್ಟನ್ನನ್ನು ತಳ್ಳುತ್ತದೆ, ಅದು ಎಕ್ಸಾಸ್ಟ್ ವಾಲ್ವನ್ನು ತೆರೆಯುತ್ತದೆ. ಒತ್ತಿದ ಗಾಳಿ ಸಿಲಿಂಡರಿನ ಪಿಸ್ಟನ್ನನ್ನು ಮರಳಿ ಕೆಳಕ್ಕೆ ತಳ್ಳುವ ಮೊದಲೇ ಹೊರಗೆ ಹೋಗುತ್ತದೆ. ಶಕ್ತಿ ಹಿಂದಿರುಗುವುದಿಲ್ಲ, ಗಾಡಿ ನಿಧಾನವಾಗುತ್ತದೆ.

ಈ ಎರಡನೆಯ ಪಿಸ್ಟನ್ನಿಗೂ ವಾಲ್ವಿನ ಭಾಗಕ್ಕೂ ನಡುವಿನ ಸಂದೇ ಹೊಂದಾಣಿಕೆಯ ಜೀವಾಳ. ಕೈಪಿಡಿ ಹೇಳುವ ಗುರುತಿಗೆ ಕ್ರ್ಯಾಂಕ್ ತಿರುಗಿಸಿ ನಿಲ್ಲಿಸುತ್ತಾರೆ. ಫೀಲರ್ ಗೇಜಿನ ಎಲೆಯನ್ನು ಸಂದಿಗೆ ತೂರಿಸಿ, ಎಳೆದರೆ ತುಸು ಬಿಗಿಯಾಗಿ ಬರುವಷ್ಟು ಸ್ಕ್ರೂ ತಿರುಗಿಸುತ್ತಾರೆ. ಸ್ಕ್ರೂ ಅಲುಗದಂತೆ ಹಿಡಿದು ಲಾಕ್ ನಟ್ ಬಿಗಿದ ಮೇಲೆ ಎಲೆಯನ್ನು ಮತ್ತೊಮ್ಮೆ ಎಳೆದು ನೋಡಲೇಬೇಕು, ಏಕೆಂದರೆ ನಟ್ ಬಿಗಿಯುವಾಗಲೇ ಸ್ಕ್ರೂ ಕೂದಲಷ್ಟು ತಿರುಗಿಬಿಡುತ್ತದೆ. ಸಂದು ಹೆಚ್ಚಾದರೆ ವಾಲ್ವ್ ತಡವಾಗಿ, ಕಡಿಮೆ ತೆರೆದು ಬ್ರೇಕ್ ಸೊರಗುತ್ತದೆ. ಕಡಿಮೆಯಾದರೆ ವಾಲ್ವ್ ಹೆಚ್ಚು ಇಳಿದು, ಮೇಲೇರುವ ಪಿಸ್ಟನ್ನಿಗೆ ತಾಗುವ ಅಪಾಯವಿದೆ.

ಮೊದಮೊದಲು ಈ ಬ್ರೇಕ್ ಎಂಜಿನ್ನಿನ ಮೇಲೆ ಪ್ರತ್ಯೇಕವಾಗಿ ಕೂರಿಸುವ ಪೆಟ್ಟಿಗೆಯಾಗಿತ್ತು. ಮುಂದೆ ಎಂಜಿನ್ನಿನ ವಿನ್ಯಾಸದೊಳಗೇ ಸೇರಿತು. ಕೆಲವು ಎಂಜಿನ್ನುಗಳಲ್ಲಿ ಬ್ರೇಕಿಗೆಂದೇ ಕ್ಯಾಮ್ ಉಬ್ಬು ಬಂತು. ಅದರೊಂದಿಗೆ ಗ್ಯಾಪಿನ ಅಳತೆಯೂ ಬದಲಾಯಿತು. ಕಮಿನ್ಸ್ ಐಎಸ್‌ಎಕ್ಸ್ ಎಂಜಿನ್ನಿನಲ್ಲಿ ಇಂಟೇಕ್ ವಾಲ್ವಿಗೆ 0.36 ಮಿ.ಮೀ., ಎಕ್ಸಾಸ್ಟಿಗೆ 0.69 ಮಿ.ಮೀ. ಇದ್ದರೆ ಬ್ರೇಕಿಗೆ 7.00 ಮಿ.ಮೀ. ಇದು ದಶಮಾಂಶ ಬಿಂದುವಿನ ಅಚ್ಚಿನ ತಪ್ಪಲ್ಲ. ಒಂದು ಎಂಜಿನ್ನಿನ ಅಳತೆಯನ್ನು ಇನ್ನೊಂದಕ್ಕೆ ಒಯ್ಯುವಂತಿಲ್ಲ.

ಜೇಕಬ್ಸ್ ಬ್ರೇಕ್ ಸಂಸ್ಥೆ 2022ರಲ್ಲಿ ಕ್ಲೆಸ್ಸಿ ಕಮಿನ್ಸ್ ಕಟ್ಟಿದ ಕಂಪನಿಯ ಒಡೆತನಕ್ಕೇ ಬಂತು.