ಸೊಸಿಗೊಂದು ಗೊಂಬಿ ಮನಿ

ನಮ್ಮ ಅಕ್ಕನ ಮಗಳಿಗೆ ಮಣ್ಣೆತ್ತಿನ ಅಮಾವಾಸ್ಯೆ ಆದ ವಾರಕ್ಕೆ ನಾಲ್ಕು ವರ್ಷ ತುಂಬಿತು. ಹುಟ್ಟುಹಬ್ಬಕ್ಕೆ ಏನು ಬೇಕು ಅಂತ ಮೊದಲೇ ಫೋನಿನಲ್ಲಿ ಕೇಳಿದ್ದೆ. "ಮಾಮಾ, ನನ್ ಗೊಂಬಿಗಿ ಒಂದ್ ಮನಿ ಬೇಕು" ಅಂದಳು. ಗೊಂಬೆಯನ್ನು ನಾಲವಾರದ ಜಾತ್ರೆಯಲ್ಲಿ ನಾನೇ ಕೊಡಿಸಿದ್ದೆ. ಅದಕ್ಕೆ ಮಲಗೋಕೆ ಜಾಗ ಇಲ್ಲವಂತೆ.

ನಮ್ಮ ಕಡೆ ಅಕ್ಕನ ಮಗಳು ಅಂದರೆ ಸೊಸಿ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಇದನ್ನು ಕೇಳಿ, "ಸೊಸಿಗಿ ಈಗೇ ಮನಿ ಕಟ್ಟಿಸಲತ್ತೀಯೇನೋ ತಮ್ಮಾ" ಅಂತ ನಕ್ಕರು. ಹಳೆಯ ನಗೆಚಾಟಿಕೆ. ಆದರೆ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ.

ಮೊಬೈಲಿನಲ್ಲಿ ಹುಡುಕಿದೆ. ಗುಲಾಬಿ ಬಣ್ಣದ ಪ್ಲಾಸ್ಟಿಕ್ ಮನೆ, 1,600 ರೂಪಾಯಿ. ಎರಡು ಅಂತಸ್ತು, ಒಳಗೇ ಮೆಟ್ಟಿಲು, ಸೋಫಾ, ಸ್ನಾನದ ತೊಟ್ಟಿ, ಚಳಿಗೆ ಬೆಂಕಿ ಹಾಕುವ ಗೂಡು. ಮೇ ತಿಂಗಳಲ್ಲಿ ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಒಮ್ಮೆ ನಿಂತವರಿಗೆ ಆ ಬೆಂಕಿಗೂಡು ನೋಡಿದರೆ ನಗು ಬರುತ್ತದೆ. ಪಡಸಾಲೆ ಇಲ್ಲ, ಕಟ್ಟೆ ಇಲ್ಲ, ದೇವರ ಜಗಲಿ ಇಲ್ಲ, ದನ ಕಟ್ಟುವ ಜಾಗ ಇಲ್ಲ, ಮಾಳಿಗೆಯ ಬೆಳಕಿಂಡಿ ಇಲ್ಲ. ಇದು ಯಾರ ಮನೆ ಅನ್ನೋ ಪ್ರಶ್ನೆ ಎದ್ದಿದ್ದು ಅಲ್ಲಿ. ಹುಡುಕುತ್ತ ಹೋದರೆ ಬರೋಬ್ಬರಿ ನಾನೂರೈವತ್ತು ವರ್ಷ ಹಿಂದಕ್ಕೆ ಹೋದೆ.

ದಾಖಲೆಯಲ್ಲಿ ಸಿಗುವ ಹಳೆಯ ಗೊಂಬೆ ಮನೆ ಜರ್ಮನಿಯದು. ಬವೇರಿಯಾದ ದೊರೆ ಐದನೆಯ ಆಲ್ಬ್ರೆಕ್ಟ್ 1557–58ರಲ್ಲಿ ಮಾಡಿಸಿದ. ಮಗಳಿಗಾಗಿ ಮಾಡಿಸಿದ ಅಂತ ಹೇಳುತ್ತಾರೆ, ಆದರೆ ಅದು ಹೋಗಿ ಸೇರಿದ್ದು ದೊರೆಯ ಅಪರೂಪದ ವಸ್ತುಗಳ ಸಂಗ್ರಹಕ್ಕೆ. ಬಂದ ಅತಿಥಿಗಳು ನೋಡಿ ಬೆರಗಾಗಬೇಕು, ಅಷ್ಟೇ. ಮುಂದಿನ ಶತಮಾನದಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿನಲ್ಲಿ ಪೆಟ್ರೊನೆಲ್ಲಾ ಓರ್ಟ್‌ಮನ್ ಎಂಬ ಸಾಹುಕಾರ ಮನೆತನದ ಹೆಂಗಸು 1686ರಿಂದ ಸುಮಾರು ಇಪ್ಪತ್ತು ವರ್ಷ ಒಂದು ಗೊಂಬೆ ಮನೆಯನ್ನು ತುಂಬುತ್ತಲೇ ಹೋದಳು. ಅದರ ಪುಟ್ಟ ಪಿಂಗಾಣಿ ಪಾತ್ರೆಗಳು ಚೀನಾದಿಂದ ಬಂದವು. ಒಟ್ಟು ಖರ್ಚು 20ರಿಂದ 30 ಸಾವಿರ ಗಿಲ್ಡರ್. ಆ ದುಡ್ಡಿಗೆ ಅದೇ ಊರಿನ ಕಾಲುವೆ ದಂಡೆಯಲ್ಲಿ ನಿಜವಾದ ಮನೆಯೇ ಬರುತ್ತಿತ್ತು! ಇವತ್ತಿಗೂ ಅದು ಅಲ್ಲಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಮಕ್ಕಳು ಮುಟ್ಟುವ ಹಾಗಿರಲಿಲ್ಲ.

ದಿಲ್ಲಿಯ ರಾಷ್ಟ್ರಪತಿ ಭವನ ಟಿವಿಯಲ್ಲಿ ನೋಡಿದ್ದೀರಲ್ಲ, ಅದರ ನಕ್ಷೆ ಮಾಡಿದ ಎಡ್ವಿನ್ ಲುಟಿಯೆನ್ಸ್, ಹೊಸ ದಿಲ್ಲಿಯ ಕೆಲಸ ನಡೆದಿರುವಾಗಲೇ, 1921ರಿಂದ 1924ರವರೆಗೆ ಇಂಗ್ಲೆಂಡಿನ ರಾಣಿ ಮೇರಿಗೆ ಒಂದು ಗೊಂಬೆ ಮನೆಯನ್ನೂ ಮಾಡಿದ. ಎಲ್ಲವೂ ಅಸಲಿನ ಹನ್ನೆರಡನೇ ಒಂದು ಭಾಗ ಅಳತೆ. ನಳದಲ್ಲಿ ನೀರು ಬರುತ್ತದೆ, ದೀಪ ಹತ್ತುತ್ತದೆ, ಲಿಫ್ಟ್ ಓಡುತ್ತದೆ. ಗ್ರಂಥಾಲಯದ ಪುಟ್ಟ ಪುಸ್ತಕಗಳಿಗೆ ಆ ಕಾಲದ ದೊಡ್ಡ ಲೇಖಕರು ತಮ್ಮ ಕೈಯಾರೆ ಬರೆದುಕೊಟ್ಟರು. ಆಗ ರಾಣಿಗೆ ಐವತ್ತು ದಾಟಿತ್ತು.

ನಮ್ಮ ಮೈಸೂರು ಕಡೆಯ ಪಟ್ಟದ ಗೊಂಬೆಗಳೂ ಈ ಸಾಲಿಗೇ ಸೇರುತ್ತವೆ ಅನ್ನಬಹುದು. ಮದುವೆಯಲ್ಲಿ ಮಗಳಿಗೆ ಕೊಟ್ಟ ರಾಜ-ರಾಣಿ ಜೋಡಿ ವರ್ಷವಿಡೀ ಪೆಟ್ಟಿಗೆಯಲ್ಲಿದ್ದು ನವರಾತ್ರಿಗೆ ಮೆಟ್ಟಿಲು ಏರುತ್ತದೆ. ಅರಮನೆಯಲ್ಲಿ ಗೊಂಬೆ ತೊಟ್ಟಿ ಅಂತ ಒಂದು ಭಾಗವೇ ಇದೆ. ಚಂದ ನೋಡಬಹುದು, ಆಡುವ ಹಾಗಿಲ್ಲ.

ಮಕ್ಕಳ ಕೈಗೇ ಕೊಟ್ಟ ಗೊಂಬೆ ಮನೆಗಳ ಕಥೆ ಬೇರೆ. ಜರ್ಮನಿಯ ನ್ಯೂರೆಂಬರ್ಗ್ ಊರಲ್ಲಿ 1631ರಲ್ಲಿ ಆನ್ನಾ ಕ್ಯೋಫರ್ಲಿನ್ ಎಂಬಾಕೆ ಒಂದು ದೊಡ್ಡ ಗೊಂಬೆ ಮನೆ ಮಾಡಿ, ದುಡ್ಡು ತೆಗೆದುಕೊಂಡು ಜನರಿಗೆ ತೋರಿಸಿದಳು. ಉದ್ದೇಶ ಸ್ಪಷ್ಟ: ಹುಡುಗಿಯರು ಬಂದು ನೋಡಲಿ, ಯಾವ ಪಾತ್ರೆ ಎಲ್ಲಿರಬೇಕು, ಮನೆ ಹೇಗೆ ನಡೆಸಬೇಕು ಅಂತ ಕಲಿಯಲಿ. ಆ ಊರಿನ ಗೊಂಬೆ ಅಡುಗೆಮನೆಗಳು ಮುಂದೆ ಯುರೋಪಿಗೆಲ್ಲ ಮಾರಾಟವಾದವು. ಅಂದರೆ ಆಟಿಕೆಯೂ ಹೌದು, ತರಬೇತಿಯೂ ಹೌದು. 1962ರಲ್ಲಿ ಅಮೆರಿಕದಲ್ಲಿ ಬಾರ್ಬಿ ಗೊಂಬೆಗೆ ಮೊದಲ ಮನೆ ಬಂತು, ಮಡಚಿ ಇಡುವ ರಟ್ಟಿನ ಮನೆ. ಅದರಲ್ಲಿ ಮಂಚ, ಟಿವಿ, ಪುಸ್ತಕ ಇದ್ದವು, ಅಡುಗೆಮನೆ ಇರಲೇ ಇಲ್ಲ. ಯಾರು ಮನೆ ಮಾಡಿಕೊಡುತ್ತಾರೋ ಅವರು ಹುಡುಗಿ ಹೇಗಿರಬೇಕು ಅನ್ನೋದನ್ನೂ ಅದರೊಳಗೆ ಇಟ್ಟೇ ಕೊಡುತ್ತಾರೆ ಅಂತ ನನಗೆ ಅನ್ನಿಸಿದ್ದು ಇಲ್ಲಿ. ಹಿರಿಯರ ನಗೆಚಾಟಿಕೆ ಮತ್ತೆ ನೆನಪಾಯಿತು.

ನಮ್ಮಲ್ಲೇನು ಕಡಿಮೆ ಇತ್ತೇ? ನಮ್ಮವ್ವ ಚಿಕ್ಕವಳಿದ್ದಾಗ ಗೊಂಬಿ ಲಗ್ನ ಆಡುತ್ತಿದ್ದಳಂತೆ. ಅರಿವೆ ಸುತ್ತಿದ ಗೊಂಬೆಗಳು, ಚುರುಮುರಿಯೇ ಅಕ್ಕಿಕಾಳು, ಬೆಲ್ಲದ ಊಟ, ಕೊನೆಗೆ ಹೆಣ್ಣೊಪ್ಪಿಸುವ ಅಳು. "ಎಲ್ಲಾ ನಗತಿದ್ದೆವು, ಅಳೂ ಆಟನೂ ಚಂದ ಮಾಡತಿದ್ದೆವು" ಅಂತ ಅವ್ವ ಹೇಳುತ್ತಾಳೆ. ಒಂದಿಷ್ಟು ಹೊತ್ತು ಬಿಟ್ಟು, ಆ ಆಟದ ಗೆಳತಿಯರಲ್ಲಿ ಇಬ್ಬರ ನಿಜವಾದ ಲಗ್ನ ಹದಿಮೂರಕ್ಕೋ ಹದಿನಾಲ್ಕಕ್ಕೋ ಆಯಿತು ಅಂತಲೂ ಹೇಳುತ್ತಾಳೆ. 2006ರ ಕಾಯ್ದೆ ಪ್ರಕಾರ ಹುಡುಗಿಗೆ 18 ತುಂಬಬೇಕು, 2016ರ ಕರ್ನಾಟಕ ತಿದ್ದುಪಡಿ ಬಂದ ಮೇಲೆ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು. ಇಷ್ಟಾದರೂ ಈ ಸುದ್ದಿ ಬರೆಯುವುದು ನನಗೆ ತಪ್ಪಿಲ್ಲ. ಗೊಂಬಿ ಲಗ್ನದಿಂದ ಬಾಲ್ಯವಿವಾಹ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ನಾಲ್ಕು ವರ್ಷದ ಕೂಸಿಗೆ ಅಡುಗೆ ಸಾಮಾನಿನ ಸೆಟ್ಟು, ಅವಳ ಆರು ವರ್ಷದ ಅಣ್ಣನಿಗೆ ಜೆಸಿಬಿ ಕೊಡುವಾಗ ಒಂದು ಸಲ ಯೋಚನೆ ಮಾಡಬೇಕು.

ಇನ್ನೊಂದು ಆಟ ಇತ್ತು, ಅದರಲ್ಲಿ ಹುಡುಗ-ಹುಡುಗಿ ಭೇದ ಇರಲಿಲ್ಲ. ಅದನ್ನು ನಾನೂ ಆಡಿದ್ದೇನೆ. ನಮ್ಮ ಊರುಗಳು ಕಲ್ಲಿನ ಮೇಲೆ ಕೂತಿವೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಎಲ್ಲಿ ಅಗೆದರೂ ಸುಣ್ಣದ ಕಲ್ಲು. ಪುಸ್ತಕದ ಹಾಳೆಯ ಹಾಗೆ ಪದರು ಪದರಾಗಿ ಏಳುತ್ತದೆ, ಅದಕ್ಕೇ ಫರಸಿಗೆ ಅಷ್ಟು ಹೆಸರು. ಎರಡು ಸಾವಿರ ವರ್ಷದ ಹಿಂದೆ ಇಲ್ಲೇ ಭೀಮಾ ದಂಡೆಯ ಕನಗನಹಳ್ಳಿಯಲ್ಲಿ ಇಂಥ ಕಲ್ಲಿನ ಮೇಲೆಯೇ ಅಶೋಕನನ್ನು ರಾಣಿಯ ಜೊತೆ ಕೆತ್ತಿ, ಹೆಸರನ್ನೂ ಬರೆದರು. 1871ರ ಹೊತ್ತಿಗೆ ಮುಂಬೈ ಕಡೆಯ ರೈಲು ರಾಯಚೂರು ಮುಟ್ಟಿತು, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಬಂತು. ರೈಲು ಬಂದ ಮೇಲೆ ಕಲ್ಲು ಊರೂರಿಗೆ ಹೋಯಿತು, ಮುಂದೆ ಸಿಮೆಂಟಿನ ಕಾರ್ಖಾನೆಗಳು ಬಂದವು.

ಖಣಿಯ ದಂಡೆಗೆ ಬಿದ್ದ ಚೂರುಗಳು ಮಾತ್ರ ಮಕ್ಕಳಿಗೆ ಉಳಿದವು. ನಾಲ್ಕು ಚೂರು ನಿಲ್ಲಿಸಿದರೆ ಗೋಡೆ, ಮೇಲೊಂದು ಹೊದಿಸಿದರೆ ಮಾಳಿಗೆ. ಜೋಳದ ದಂಟಿನ ಸಿಬಿರು ಮತ್ತು ಬೆಂಡು ಚುಚ್ಚಿ ಬಂಡಿ, ಹೊರಸು, ಮನುಷ್ಯರನ್ನು ಮಾಡುತ್ತಿದ್ದೆವು. ಅಮಾವಾಸ್ಯೆಯ ಮಣ್ಣೆತ್ತು ಗ್ವಾದಲಿ ಮುಂದೆ ನಿಲ್ಲುತ್ತಿತ್ತು. ಸಂಜೆಗೆ ಮನೆ ಬೀಳುತ್ತಿತ್ತು, ಮರುದಿನ ಬೇರೆ ಮನೆ. ಖಣಿ ಕೆಲಸಕ್ಕೆ ಬಂದವರ ಮಕ್ಕಳು ನಮಗಿಂತ ಜಾಣರು, ಯಾಕೆಂದರೆ ಅವರ ಗುಡಿಸಲೇ ಹಾಗೆ ಚೂರು ಒಟ್ಟಿ ಕಟ್ಟಿದ್ದು. ಅವರಿಗೆ ಆಟದ ಮನೆಯೂ ಇರುವ ಮನೆಯೂ ಒಂದೇ ತರಹ. ಇದನ್ನು ಚಂದದ ನೆನಪು ಅಂತ ಮಾತ್ರ ಬರೆದರೆ ಸುಳ್ಳಾಗುತ್ತದೆ. ಕಾಲ ಮೇಲೆ ಕಲ್ಲು ಬಿದ್ದು ಉಗುರು ಕಳೆದುಕೊಂಡವರು ನಮ್ಮಲ್ಲೇ ಇದ್ದಾರೆ, ಧೂಳು ಕುಡಿದು ಕೆಮ್ಮುವವರೂ ಇದ್ದಾರೆ.

ಸಂಸ್ಕೃತದಲ್ಲಿ ಶೂದ್ರಕ ಬರೆದ ಮೃಚ್ಛಕಟಿಕ ಎಂಬ ನಾಟಕ ಇದೆ. ಹೆಸರಿನ ಅರ್ಥವೇ ಮಣ್ಣಿನ ಬಂಡಿ. ನೆರೆಮನೆಯ ಹುಡುಗನ ಚಿನ್ನದ ಬಂಡಿ ನೋಡಿದ ಬಡವರ ಕೂಸು ಮಣ್ಣಿನ ಬಂಡಿ ಬ್ಯಾಡ ಅಂತ ಅಳುತ್ತದೆ, ವಸಂತಸೇನೆ ತನ್ನ ಒಡವೆ ಬಿಚ್ಚಿ ಆ ಬಂಡಿಗೆ ತುಂಬುತ್ತಾಳೆ. ಮೊಬೈಲಿನಲ್ಲಿ ಗುಲಾಬಿ ಮನೆ ನೋಡಿದ ನನ್ನ ಸೊಸಿಗೆ ಕಲ್ಲಿನ ಚೂರು ತಂದುಕೊಟ್ಟರೆ ಅವಳೂ ಹೀಗೇ ಅಳಬಹುದು ಅನ್ನೋ ಹೆದರಿಕೆ ಇತ್ತು.

ಕೊಳ್ಳುವವರಿಗೆ ಉಪಯೋಗ ಆದೀತು ಅಂತ, ನಾನು ತಿಳಿದುಕೊಂಡಿದ್ದನ್ನು ಹೇಳುತ್ತೇನೆ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಚನ್ನಪಟ್ಟಣ, ಕಿನ್ನಾಳದಂಥ ಕಡೆ ನೋಂದಾಯಿತ ಕುಶಲಕರ್ಮಿಗಳು ಕೈಯಿಂದ ಮಾಡಿದ್ದಕ್ಕೆ ವಿನಾಯಿತಿ ಇದೆ, ಗುರುತು ಇಲ್ಲ ಅಂತ ಅದನ್ನು ಖೋಟಾ ಅನ್ನಬೇಡಿ. ಮೂರು ವರ್ಷದೊಳಗಿನ ಕೂಸು ಮನೆಯಲ್ಲಿದ್ದರೆ ಪುಟ್ಟ ಲೋಟ, ತಟ್ಟೆ, ಚಕ್ರ ಇರುವ ಸೆಟ್ಟು ತರಲೇಬೇಡಿ, ಗಂಟಲಲ್ಲಿ ಸಿಕ್ಕಿಬಿಡುತ್ತವೆ. ದೀಪ ಹತ್ತುವ ಮನೆಯಾದರೆ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಗುಂಡಿಯಂಥ ಬ್ಯಾಟರಿ ನುಂಗಿದರೆ ಅನ್ನನಾಳ ಸುಡುತ್ತದೆ, ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಕಿನ್ನಾಳ ದೂರವೇನಲ್ಲ, ಕೊಪ್ಪಳದ ಹತ್ತಿರ. ಒಂದು ಕಾಲಕ್ಕೆ ನಮ್ಮ ಹಾಗೆ ಅದೂ ನಿಜಾಮರ ಹೈದರಾಬಾದಿಗೆ ಸೇರಿತ್ತು. ಅಲ್ಲಿ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸಿ ಬಣ್ಣ ಹಾಕುತ್ತಾರೆ. ಅದೇ ಜಿಲ್ಲೆಯ ಭಾನಾಪುರದಲ್ಲಿ 2021ರ ಜನವರಿಯಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ ಅಡಿಗಲ್ಲು ಹಾಕಿದರು. ಅಲ್ಲಿಂದ ಯಾವತ್ತಾದರೂ ಪಡಸಾಲೆ ಇರುವ ಗೊಂಬಿ ಮನಿ ಬಂದರೆ ನಾನೇ ಮೊದಲ ಗಿರಾಕಿ.

ಕೊನೆಗೆ ನಾನು ಹೋಗಿದ್ದು ಊರ ಬಡಿಗೇರರ ಹತ್ತಿರ. ಹಳೆಯ ಬಾಗಿಲಿನ ಹಲಗೆಯಲ್ಲಿ ಎರಡು ಅಡಿ ಉದ್ದದ, ಮುಂದೆ ತೆರೆದ ಒಂದು ಪೆಟ್ಟಿಗೆ ಮಾಡಿಸಿದೆ. ಒಳಗೆ ಕೋಣೆ ಇಲ್ಲ. ನಾಲ್ಕು ಬಿಡಿ ಹಲಗೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಮಾಳಿಗೆ ಎತ್ತಿದರೆ ಬರುತ್ತದೆ, ನಡುವೆ ಬೆಳಕಿಂಡಿ. ಅಂಚೆಲ್ಲ ಉಪ್ಪುಕಾಗದದಿಂದ ಎರಡೆರಡು ಸಲ ಉಜ್ಜಿಸಿದೆ. ಬಣ್ಣ ಹಾಕಿಸಲಿಲ್ಲ. 800 ರೂಪಾಯಿ ಆಯಿತು. "ಅಡಗಿಮನಿ ಎಲ್ಲಿ ಮಾಡ್ಲಿರಿ?" ಅಂತ ಬಡಿಗೇರರು ಕೇಳಿದರು. "ಆಕಿನೇ ಮಾಡ್ಕೋತಾಳ ಬಿಡ್ರಿ" ಅಂದೆ.

ಅಕ್ಕನ ಮನೆಯಲ್ಲಿ ಅದನ್ನು ಇಳಿಸಿದಾಗ ಸೊಸಿ ಒಂದು ನಿಮಿಷ ಸುಮ್ಮನೆ ನೋಡಿದಳು. ಗುಲಾಬಿ ಇಲ್ಲ. ನನ್ನ ಎದೆ ಡವಡವ. ಆಮೇಲೆ ಹಲಗೆಗಳನ್ನೆಲ್ಲ ಹೊರಗೆ ತೆಗೆದು ಒಗೆದಳು, ಅಮಾವಾಸ್ಯೆಯ ಎರಡು ಮಣ್ಣೆತ್ತು ತಂದು ಪಡಸಾಲೆಯ ನಟ್ಟನಡುವೆ ನಿಲ್ಲಿಸಿದಳು. ಅವಳ ಅಣ್ಣ ಜೆಸಿಬಿ ತಂದು ಮುಂದೆ ಕಟ್ಟೆ ಕಟ್ಟತೊಡಗಿದ. ಗೊಂಬೆಗೆ ಮಲಗೋಕೆ ಜಾಗ ಇಲ್ಲ ಅಂತ ತಾನೇ ಮನೆ ಕೇಳಿದ್ದು, ಗೊಂಬೆ ಹೊರಗೇ ಬಿದ್ದಿತ್ತು. ಯಾಕವ್ವಾ ಅಂತ ಕೇಳಿದೆ.

"ಮಳಿ ಬರ್ಲತ್ತದ ಮಾಮಾ, ಎತ್ತು ತೋಯಸ್ಕೋತಾವ. ಗೊಂಬಿ ಹೊಲಕ್ಕ ಹೋಗ್ಯಾಳ" ಅಂದಳು.