ನೆರೆಯವನಾರು? ಬಳ್ಳಾರಿ ಸೀಮೆಯ ಕ್ರೈಸ್ತ ಸೇವೆ: ಒಂದು ವಿವೇಚನೆ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಇತಿಹಾಸವೆಂದೊಡನೆ ವಿದ್ವಾಂಸರ ದೃಷ್ಟಿ ವಿಜಯನಗರದ ವೈಭವದ ಕಡೆಗೆ ಹರಿಯುವುದು ಸಹಜ. ಆದರೆ 1565ರ ಅನಂತರವೂ ಈ ಸೀಮೆಯಲ್ಲಿ ಜನರು ಬಾಳಿದರು, ಹಸಿದರು, ಒಬ್ಬರಿಗೊಬ್ಬರು ನೆರವಾದರು. ಆ ಕಥೆಯಲ್ಲಿ ಕ್ರೈಸ್ತ ಸೇವಕರಿಗೂ ಒಂದು ಪಾತ್ರವಿದೆ. ಅದನ್ನು ಕೆಲವರು ಶುದ್ಧ ಪರೋಪಕಾರವೆಂದು ಕೊಂಡಾಡುವರು. ಕೆಲವರು ಮತಾಂತರದ ಉಪಾಯವೆಂದು ತಳ್ಳಿಹಾಕುವರು. ಈ ಎರಡು ತೀರ್ಪುಗಳೂ ಅವಸರದವೆಂಬುದು ನಮ್ಮ ಅಭಿಪ್ರಾಯ.

1800ರಲ್ಲಿ ನಿಜಾಮನು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ಇದರ ಮುಖ್ಯ ಕಲೆಕ್ಟರನಾಗಿ 1807ರವರೆಗೆ ಆಡಳಿತ ನಡೆಸಿದನು. ಬಳ್ಳಾರಿಯಲ್ಲಿ ಸೈನ್ಯದ ದಂಡು ನೆಲೆಸಿತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅವರು ಅಲ್ಲಿಗೆ ಬಂದರು. ಪಾದ್ರಿಗಳ ಪ್ರವೇಶಕ್ಕೆ ಕಂಪನಿಯು ಆಗ ಸುಲಭವಾಗಿ ಅನುಮತಿ ಕೊಡುತ್ತಿರಲಿಲ್ಲ. ಸನ್ನದಿನಲ್ಲಿ ಆ ನಿರ್ಬಂಧ ಸಡಿಲವಾದುದು 1813ರಲ್ಲಿ. ಆದುದರಿಂದ ಈ ಮಿಷನ್ನನ್ನು ಕಂಪನಿಯ ಸರಕಾರದ ಒಂದು ಇಲಾಖೆಯೆಂದು ಎಣಿಸುವುದು ಸರಿಯಾಗಲಾರದು. ಹಾಗೆಂದು ದಂಡಿನ ರಕ್ಷಣೆಯ ನೆರಳಿನಲ್ಲಿಯೇ ಅದು ಬೆಳೆಯಿತೆಂಬುದನ್ನೂ ಮರೆಯಲಾಗದು.

ಹ್ಯಾಂಡ್ಸ್ ಅವರು ಕನ್ನಡ ಕಲಿತರು, ಶಾಲೆಗಳನ್ನು ತೆರೆದರು, ಬೈಬಲಿನ ಅನುವಾದಕ್ಕೆ ತೊಡಗಿದರು. ಜೊತೆಗಾರರಾದ ವಿಲಿಯಂ ರೀವ್ ಅವರು 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಹಂಪಿಯ ಜಾತ್ರೆಗೆ ಹೋಗಿ ಬೋಧಿಸುವುದು, ಪುಸ್ತಕ ಹಂಚುವುದು ಬಳ್ಳಾರಿಯ ಪಾದ್ರಿಗಳ ಪರಿಪಾಠವಾಗಿದ್ದಿತು. ವಿರೂಪಾಕ್ಷನ ತೇರಿಗೆ ನೆರೆದ ಜನರ ನಡುವೆ ನಿಂತು ಮೂರ್ತಿಪೂಜೆಯನ್ನು ಖಂಡಿಸುವುದನ್ನು ನೆರೆಪ್ರೀತಿಯೆನ್ನಬಹುದೆ ಎಂದು ಇಂದಿನ ವಾಚಕರು ಕೇಳಿದರೆ ಆ ಪ್ರಶ್ನೆ ಅನ್ಯಾಯವಲ್ಲ. ಆದರೆ ಅದೇ ಜನರು ಈ ಸೀಮೆಯ ಮಾತಿಗೆ ನಿಘಂಟನ್ನೂ ಮಕ್ಕಳಿಗೆ ಪಾಠಶಾಲೆಯನ್ನೂ ಒದಗಿಸಿದರು. ಮುಂದೆ ಬಳ್ಳಾರಿಯ ವಾರ್ಡ್ಲಾ ಶಾಲೆಯು ಮಿಷನ್ನಿನ ವಿದ್ಯಾಕಾರ್ಯದ ಕೇಂದ್ರವಾಯಿತು.

ಇಲ್ಲಿ ಒಂದು ಶಬ್ದವನ್ನು ವಿಚಾರಿಸಬೇಕು. ಕನ್ನಡದಲ್ಲಿ ‘ನೆರೆ’ಯೆಂದರೆ ಸಮೀಪ, ನೆರೆಯವನೆಂದರೆ ಪಕ್ಕದ ಮನೆಯವನು. ಆದರೆ ನಮ್ಮ ಊರುಗಳಲ್ಲಿ ಪಕ್ಕದ ಮನೆ ಯಾರದೆಂಬುದನ್ನು ಬಹುಮಟ್ಟಿಗೆ ಜಾತಿಯೇ ನಿರ್ಣಯಿಸುತ್ತಿದ್ದಿತು. ಹೊಸಪೇಟೆಯು ಇಂದಿಗೂ ತನ್ನ ಏಳು ಕೇರಿಗಳಿಂದ ಪ್ರಸಿದ್ಧವಾಗಿದೆ. ಕೇರಿಯೊಳಗಿನ ಅಕ್ಕರೆ ಕೇರಿಯ ಗಡಿಯನ್ನು ದಾಟುವುದು ಸುಲಭವಲ್ಲ. ಲೂಕನ ಸುವಾರ್ತೆಯಲ್ಲಿ ಬರುವ ಸಮಾರ್ಯದವನ ಸಾಮತಿಯಾದರೋ, ದಾರಿಯಲ್ಲಿ ಬಿದ್ದ ಗಾಯಾಳುವಿಗೆ ಪರಕೀಯನೇ ನೆರೆಯವನಾದನೆಂದು ಹೇಳುತ್ತದೆ. ಪಕ್ಕದ ಮನೆಯವನನ್ನು ಸೂಚಿಸುವ ಮಾತಿಗೆ ಪರಕೀಯನನ್ನು ಒಳಗೊಳ್ಳುವ ಅರ್ಥವನ್ನು ತುಂಬುವುದು ಅನುವಾದಕರ ಕೆಲಸ ಮಾತ್ರವಾಗಿರಲಿಲ್ಲ. ಅದನ್ನು ನಡತೆಯಲ್ಲಿ ತೋರಿಸಬೇಕಾಗಿದ್ದಿತು.

ಅದರ ಕಠಿಣ ಪರೀಕ್ಷೆಯು 1876-78ರ ಮಹಾಕ್ಷಾಮದಲ್ಲಿ ಒದಗಿತು. ಧಾತು, ಈಶ್ವರ ಸಂವತ್ಸರಗಳ ಈ ಬರದಲ್ಲಿ ಮದರಾಸು ಪ್ರಾಂತದ ಅತ್ಯಂತ ಪೀಡಿತ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದಾಗಿದ್ದಿತು. 1877ರ ಆದಿಯಲ್ಲಿ ಸರ್ ರಿಚರ್ಡ್ ಟೆಂಪಲ್ಲನು ಪರಿಹಾರದ ಕೆಲಸಗಾರರ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಮಟ್ಟಕ್ಕೆ ಇಳಿಸಿದನು. ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಷನು ಇದನ್ನು ತೀವ್ರವಾಗಿ ಪ್ರತಿಭಟಿಸಿದನು. ಕೆಲವು ತಿಂಗಳುಗಳಲ್ಲಿ ಕೂಲಿ ಹೆಚ್ಚಿತು. ಅದೇ ವರ್ಷ ಲಂಡನ್ನಿನ ಮೇಯರನ ನಿಧಿಗೆ 5 ಲಕ್ಷ ಪೌಂಡಿಗೂ ಮೀರಿದ ಹಣ ಕೂಡಿತು. ಅದನ್ನು ಊರೂರಿನ ಸಮಿತಿಗಳು ಹಂಚಿದವು. ಅವುಗಳಲ್ಲಿ ಅಧಿಕಾರಿಗಳು, ಸ್ಥಳೀಯ ಗಣ್ಯರು, ಪಾದ್ರಿಗಳು ಒಟ್ಟಿಗೆ ದುಡಿದರು.

ಹಸಿದವನ ಕೈಯಲ್ಲಿ ಗಂಜಿಯ ಬಟ್ಟಲನ್ನಿಡುವಾಗ ಕೊಡುವವನ ಮಾತಿಗೆ ವಿಶೇಷ ಬಲವೊದಗುತ್ತದೆ. ಈ ಅಪಾಯವನ್ನು ಮಿಷನರಿಗಳಲ್ಲಿಯೇ ಕೆಲವರು ಅರಿತಿದ್ದರು. ಅದೇ ಪ್ರಾಂತದ ಒಂಗೋಲಿನಲ್ಲಿದ್ದ ಅಮೆರಿಕನ್ ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಕ್ಲೌ ಅವರು ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗದ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಒದಗಿಸಿದರು. ಆದರೆ ಪರಿಹಾರ ನಡೆಯುವಷ್ಟು ಕಾಲ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಅನಂತರ 1878ರ ಜುಲೈ 3ರಂದು ಒಂದೇ ದಿನ 2,222 ಜನರು ಅಲ್ಲಿ ದೀಕ್ಷೆ ಪಡೆದರು. ಅನ್ನದ ಋಣವು ಆ ಸಂಖ್ಯೆಯಲ್ಲಿ ಸೇರಿರಲಿಲ್ಲವೆಂದು ಯಾರೂ ಸಾಧಿಸಲಾರರು. ಆದರೂ ಸೇವೆಗೂ ದೀಕ್ಷೆಗೂ ನಡುವೆ ಅಂತರವಿರಬೇಕೆಂಬ ವಿವೇಕ ಗಮನಾರ್ಹವಾದುದು.

ಇನ್ನೊಂದು ಕಡೆಯಿಂದಲೂ ನೋಡಬೇಕು. ಅನ್ನವಿಕ್ಕುವ ಧರ್ಮವನ್ನು ಈ ನಾಡು ಪಾದ್ರಿಗಳಿಂದ ಕಲಿಯಬೇಕಾಗಿರಲಿಲ್ಲ. ಶರಣರ ದಾಸೋಹ, ದೇವಾಲಯಗಳ ಛತ್ರ, ದರ್ಗಾಗಳ ಲಂಗರು ಮೊದಲೇ ಇದ್ದವು. ಕಠಿಣವಾದುದು ಕೇರಿಯ ಗಡಿಯನ್ನು ದಾಟುವುದು. ಅದನ್ನು ದಾಟುವ ಒಂದು ಯತ್ನ ಸಂಡೂರಿನಲ್ಲಿ ನಡೆಯಿತು. ಆ ಪುಟ್ಟ ಸಂಸ್ಥಾನದ ಅರಸರಾದ ಘೋರ್ಪಡೆಯವರು 1932ರಲ್ಲಿ, ತಿರುವಾಂಕೂರಿನ ಘೋಷಣೆಗಿಂತ ನಾಲ್ಕು ವರ್ಷ ಮೊದಲೇ, ದೇವಾಲಯಗಳನ್ನು ಹರಿಜನರಿಗೆ ತೆರೆದರು. ಈ ಯತ್ನಕ್ಕೆ ಮಿಷನ್ನೇ ಕಾರಣವೆನ್ನಲು ಆಧಾರವಿಲ್ಲ. ಆ ಕಾಲದ ಗಾಂಧೀಯ ಚಳವಳಿಯ ಗಾಳಿಯೇ ಅಲ್ಲಿ ಹೆಚ್ಚು. ನೆರೆಪ್ರೀತಿಯು ಯಾವುದೊಂದು ಮತದ ಸ್ವತ್ತಲ್ಲವೆಂಬುದಕ್ಕೆ ಇದು ನಿದರ್ಶನ.

ಒಟ್ಟಿನಲ್ಲಿ, ಸೇವೆಯನ್ನು ಅಳೆಯುವ ಮಾನದಂಡ ಸೇರಿದವರ ಲೆಕ್ಕವಲ್ಲ. ಸೇರದೆ ಉಳಿದವನಿಗೂ ಗಂಜಿ, ಪಾಠ, ಮದ್ದು ಸಮನಾಗಿ ದೊರೆತವೆ ಎಂಬುದೇ ಇತಿಹಾಸಕಾರನು ಕೇಳತಕ್ಕ ಪ್ರಶ್ನೆ. ಮಿಷನ್ನಿನ ವಾರ್ಷಿಕ ವರದಿಗಳು ಸೇರಿದವರನ್ನು ಎಣಿಸಿದವು. ಕ್ಷಾಮದ ಕಡತಗಳು ಸತ್ತವರನ್ನು ಎಣಿಸಿದವು. ಶಾಲೆಯ ಹಾಜರಿ ಪುಸ್ತಕ, ಸಮಿತಿಗಳ ಲೆಕ್ಕಪತ್ರ, ಕೇರಿಗಳ ಹಿರಿಯರ ನೆನಪು, ಇವನ್ನು ಒಟ್ಟಿಗಿಟ್ಟು ಓದಿದಲ್ಲದೆ ಉಳಿದವರ ಕಥೆ ಹೊರಬಾರದು. ವಿಜಯನಗರ, ಬಳ್ಳಾರಿ ಜಿಲ್ಲೆಗಳ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ಮನೆಯ ಬಾಗಿಲಲ್ಲಿಯೇ ಇರುವ ಸಂಶೋಧನೆಯೆಂದು ಸೂಚಿಸಿ ಈ ವಿವೇಚನೆಯನ್ನು ಮುಗಿಸುತ್ತೇವೆ.