ಹಸಿರಿನ ಅಡಿಯ ಕಂದು: ಪುಟಾಣಿ ರೈಲಿಗೆ ನೆಲ ಸಿಕ್ಕ ಕಥೆ

ಇವತ್ತು ಒಂದು ಬಣ್ಣದ ಇತಿಹಾಸ ಹೇಳ್ತೀನಿ. ಬಳಿದ ಮೇಲೆ ಯಾರಿಗೂ ಕಾಣದಂತೆ ಮುಚ್ಚಿಹೋಗೋ ಬಣ್ಣ ಅದು.

ಮಾದರಿ ರೈಲುಗಳ ವಿಡಿಯೋ ನೀವು ನೋಡೇ ಇರ್ತೀರಿ. ಮೇಜಿನ ಮೇಲೆ ಬೆಟ್ಟ, ಸುರಂಗ, ಸೇತುವೆ, ಅದರ ನಡುವೆ ಅಂಗೈ ಉದ್ದದ ಎಂಜಿನ್. ಆ ಬೆಟ್ಟಕ್ಕೆ ಹುಲ್ಲು, ಮರ ಬರೋದಕ್ಕೆ ಮುಂಚೆ ಒಂದು ದಿನ ಅದು ಬೋಳಾಗಿ, ಪೂರ್ತಿ ಮಣ್ಣಿನ ಬಣ್ಣದಲ್ಲಿ ನಿಂತಿರುತ್ತೆ. ಅದನ್ನೇ ನಾನಿಲ್ಲಿ ನೆಲಬಣ್ಣ ಅಂತ ಕರೀತೀನಿ.

ಶುರುವಿನಲ್ಲಿ ಈ ರೈಲುಗಳಿಗೆ ನೆಲವೇ ಇರಲಿಲ್ಲ. 1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ಲೈಪ್‌ಜಿಗ್ ಮೇಳದಲ್ಲಿ ಆಟಿಕೆ ರೈಲಿಗೆ ಗೊತ್ತಾದ ಅಳತೆಯ ಹಳಿಗಳನ್ನು ತಂದಿಟ್ಟಿತು. 1920ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ ಕೀಲಿ ಕೊಟ್ಟು ಓಡಿಸುವ ರೈಲು ಮಾರಲು ಶುರು ಮಾಡಿದರು. ಅವೆಲ್ಲ ಓಡ್ತಾ ಇದ್ದಿದ್ದು ಮನೆಯ ಜಮಖಾನೆ ಮೇಲೆ. ಆಟ ಮುಗಿದರೆ ಹಳಿ ಬಿಚ್ಚಿ ಡಬ್ಬಿಗೆ ಹಾಕೋದು, ಅಷ್ಟೇ.

1934ರಲ್ಲಿ ಅಮೆರಿಕದ ಮಿಲ್ವಾಕೀಯಲ್ಲಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆ ಹುಟ್ಟಿತು. ಅದನ್ನು ಓದುತ್ತಿದ್ದವರು ದೊಡ್ಡವರು. ಅವರಿಗೆ ಬರೀ ರೈಲು ಸಾಕಾಗಲಿಲ್ಲ, ಆ ರೈಲು ಹಾದುಹೋಗುವ ಊರೂ ಬೇಕಾಯ್ತು. ಮರದ ಚೌಕಟ್ಟು ಕಟ್ಟಿ, ತಂತಿ ಜಾಲರಿ ಹೊದಿಸಿ, ಮೇಲೆ ಪ್ಲಾಸ್ಟರ್ ಮೆತ್ತಿ ಬೆಟ್ಟ ಎಬ್ಬಿಸಿದರು. ತೊಂದರೆ ಶುರುವಾಗಿದ್ದೇ ಅಲ್ಲಿ. ಪ್ಲಾಸ್ಟರ್ ಬಿಳೀದು. ಮೇಲೆ ಎಷ್ಟೇ ಚಂದದ ಹಸಿರು ಹಚ್ಚಿ, ಮೊಣಕೈ ತಾಗಿ ಒಂದು ಚೂರು ಎದ್ದರೆ ಒಳಗಿನ ಬಿಳಿ ಹಲ್ಲು ಕಿರಿಯುತ್ತೆ. ಬೆಟ್ಟ ಹೋಗಿ ಸುಣ್ಣದ ಗುಡ್ಡೆ ಉಳಿಯುತ್ತೆ.

ಇದಕ್ಕೆ ಪಟ್ಟು ಹಿಡಿದು ಉಪಾಯ ಹುಡುಕಿದವರು ಲಿನ್ ವೆಸ್ಟ್‌ಕಾಟ್. 1961ರಿಂದ 1977ರವರೆಗೆ ಅದೇ ಪತ್ರಿಕೆಯ ಸಂಪಾದಕರು. ಹೈಡ್ರೋಕಾಲ್ ಅನ್ನೋ ಗಟ್ಟಿ ಪ್ಲಾಸ್ಟರನ್ನು ನೀರಲ್ಲಿ ಕಲಸಿ, ಪೇಪರ್ ಟವೆಲ್ ಅದರಲ್ಲಿ ಅದ್ದಿ, ಹೊದಿಕೆ ಹಾಗೆ ಹಾಸೋ ವಿಧಾನವನ್ನು ಅವರು ಬಳಕೆಗೆ ತಂದರು. ಒಣಗಿದರೆ ತೆಳ್ಳಗಿನ, ಹಗುರವಾದ, ಗಟ್ಟಿ ಚಿಪ್ಪು. ಬಣ್ಣಕ್ಕೂ ಒಂದು ಜಾಣ ದಾರಿ ತೋರಿಸಿದರು: ಒಣ ಪ್ಲಾಸ್ಟರ್ ಪುಡಿಗೆ ಒಣ ಬಣ್ಣದ ಪುಡಿ ಬೆರೆಸಿ, ಜರಡಿಯಿಂದ ಒದ್ದೆ ಬೆಟ್ಟದ ಮೇಲೆ ಉದುರಿಸೋದು. ಮೊದಲು ಮಣ್ಣಿನ ಬಣ್ಣ, ಆಮೇಲೆ ಹಸಿರು. ನಮ್ಮ ರಂಗೋಲಿ ಪುಡಿ ಉದುರಿಸಿದ ಹಾಗೆ ಅಂದ್ಕೊಳ್ಳಿ. ಹಸಿರು ತೆಳುವಾದ ಕಡೆ ಕಂದು ಇಣುಕುತ್ತೆ, ನಿಜವಾದ ಬಯಲಿನಲ್ಲಿ ಆಗೋ ಹಾಗೇನೇ.

ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಅಲೆನ್ ಅಂತ ಒಬ್ಬರಿದ್ದರು. ವೃತ್ತಿಯಲ್ಲಿ ಫೋಟೋಗ್ರಾಫರ್. ಅವರ ಮಾದರಿ ರೈಲಿನ ಹೆಸರು ‘ಗೋರ್ ಅಂಡ್ ಡಫೆಟಿಡ್’. ಬೇಗ ಹೇಳಿದರೆ ಇಂಗ್ಲಿಷಿನಲ್ಲಿ ‘ರಕ್ತಸಿಕ್ತವಾಗಿ ಸೋತು ಸುಣ್ಣವಾದದ್ದು’ ಅನ್ನೋ ಹಾಗೆ ಕೇಳಿಸುತ್ತೆ! ನೆಲದಿಂದ ಸೂರಿನವರೆಗೂ ಏಳುವ ಬೆಟ್ಟಗಳು, ಬೋಗಿ ಎಳೆಯೋಕೆ ಒಂದು ಪುಟಾಣಿ ಡೈನೋಸಾರ್. ತಮಾಷೆ ಒಂದು ಕಡೆ ಇರಲಿ. ಹೊಸದಾಗಿ ಮಿರಮಿರ ಮಿಂಚೋ ವಸ್ತು ಸುಳ್ಳು ಹೇಳುತ್ತೆ ಅನ್ನೋದು ಅವರಿಗೆ ಗೊತ್ತಿತ್ತು. ಎಂಜಿನ್ನಿಗೆ ಮಸಿ, ಗೋಡೆಗೆ ಮಳೆಯ ಕಲೆ, ತಗಡಿಗೆ ತುಕ್ಕು ಎಲ್ಲವನ್ನೂ ಬಣ್ಣದಲ್ಲೇ ತಂದರು. 1973ರ ಜನವರಿಯಲ್ಲಿ ಅಲೆನ್ ತೀರಿಕೊಂಡರು. ಕೆಲವೇ ದಿನಗಳಲ್ಲಿ ಆ ಮನೆಗೆ ಬೆಂಕಿ ಬಿತ್ತು. ವರ್ಷಗಟ್ಟಲೆ ಕಟ್ಟಿದ ಆ ಬೆಟ್ಟಗಳು ಹಾಳಾದವು. ಇವತ್ತು ನಾವು ಅವನ್ನು ನೋಡೋದು ಹೆಚ್ಚಾಗಿ ಅವರೇ ತೆಗೆದ ಫೋಟೋಗಳಲ್ಲಿ.

1982ರಲ್ಲಿ ಡೇವ್ ಫ್ರೇರಿ ಬರೆದ ಪುಸ್ತಕದಿಂದ ಕೆಲಸ ಇನ್ನೂ ಸಲೀಸಾಯ್ತು. ನೀರಲ್ಲಿ ಕರಗುವ, ಹೊಳಪಿಲ್ಲದ, ಗೋಡೆಗೆ ಹಚ್ಚುವ ಮಣ್ಣುಬಣ್ಣದ ಪೇಂಟ್ ಬಳಿಯಿರಿ. ಹಸಿ ಇರುವಾಗಲೇ ಹುಲ್ಲಿನ ಪುಡಿ ಉದುರಿಸಿ. ನೀರು ಬೆರೆಸಿದ ಅಂಟು ಹಾಕಿ. ಇವತ್ತೂ ಬಹಳ ಜನ ಮಾಡೋದು ಇದನ್ನೇ. ಹೊಳಪು ಯಾಕೆ ಬೇಡ ಅಂದ್ರೆ, ಒಣ ಮಣ್ಣು ಮಿಂಚಲ್ಲ. ಬಣ್ಣ ಒಂದು ಪಾಲು ತಿಳಿಯಾಗಿಯೂ ಇರಬೇಕು. ಕೋಣೆಯ ದೀಪಕ್ಕೆ ಬಿಸಿಲಿನ ಶಕ್ತಿ ಇಲ್ಲ. ಹೊಲದ ಮಣ್ಣಿನ ಬಣ್ಣವನ್ನೇ ಯಥಾವತ್ತಾಗಿ ಹಚ್ಚಿದರೆ ಮೇಜಿನ ಮೇಲೆ ಕಪ್ಪಾಗಿ ಕಾಣುತ್ತೆ.

ಈಗ ನನ್ನ ಪ್ರಶ್ನೆ. ಡಬ್ಬಿಯ ಮೇಲೆ ‘ಮಣ್ಣು’ ಅಂತ ಬರೆದಿರುತ್ತಲ್ಲ, ಅದು ಯಾವ ಊರಿನ ಮಣ್ಣು?

ರಾಯ್ ಇಂಗ್ಲೆಂಡ್ ಅವರ ಬದುಕಿನಲ್ಲಿ ಇದಕ್ಕೆ ಉತ್ತರ ಇದೆ ಅನ್ಸುತ್ತೆ. ಹೆಸರು ಇಂಗ್ಲೆಂಡ್, ಆದರೆ ಆಸ್ಟ್ರೇಲಿಯಾದವರು. 1925ರಲ್ಲಿ ಇಂಗ್ಲೆಂಡಿಗೆ ಬಂದು, ವೇಲ್ ಆಫ್ ವೈಟ್ ಹಾರ್ಸ್ ಅನ್ನೋ ಕಣಿವೆಗೆ ಮನಸೋತರು. ಅಲ್ಲಿನ ಹುಲ್ಲು ಛಾವಣಿಯ ಮನೆಗಳು ಕಣ್ಣೆದುರೇ ಬದಲಾಗ್ತಿದ್ದವು. ತಡೆಯೋ ಶಕ್ತಿ ಅವರಿಗಿರಲಿಲ್ಲ. ಹಾಗಾಗಿ ಮನೆಗಳ ಅಳತೆ ತೆಗೆದು, ಬಣ್ಣ ಗುರುತು ಹಾಕಿಕೊಂಡು, 76ರಲ್ಲಿ ಒಂದು ಪಾಲಿನ ಗಾತ್ರದಲ್ಲಿ ಕಟ್ಟತೊಡಗಿದರು. 1954ರಲ್ಲಿ ಲಾಂಗ್ ವಿಟೆನ್‌ಹ್ಯಾಮ್ ಹಳ್ಳಿಯಲ್ಲಿ ಶುರುವಾದ ಅವರ ಪೆಂಡನ್ ಮ್ಯೂಸಿಯಂ ಇವತ್ತೂ ಇದೆ. ಸೀಮೆಸುಣ್ಣದ ಗುಡ್ಡಗಳ ಆ ಸೀಮೆಗೆ ಅದರದ್ದೇ ಮಣ್ಣಿನ ಬಣ್ಣ ಬೇಕು. ಕ್ಯಾಲಿಫೋರ್ನಿಯಾದ ಒಣ ಕಂದು ಹಚ್ಚಿದ್ದರೆ ಮನೆಗಳು ಅವೇ ಇರ್ತಿದ್ದವು, ಊರು ಮಾತ್ರ ಬೇರೆ ಆಗಿಬಿಡ್ತಿತ್ತು.

ನಮ್ಮಲ್ಲೂ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಟ್ಟ ಇಳಿಯುವ ಮೀಟರ್ ಗೇಜ್ ಹಳಿ ಇತ್ತು. ಅದು ಬ್ರಾಡ್ ಗೇಜ್ ಆಗಿ ವರ್ಷಗಳೇ ಆದವು. ಆ ಹಳೇ ದಾರಿಯನ್ನು ನಿಮ್ಮಲ್ಲಿ ಯಾರಾದ್ರೂ ಮೇಜಿನ ಮೇಲೆ ಕಟ್ಟೋಕೆ ಹೊರಟರೆ, ಘಟ್ಟದ ಕೆಳಗಿನ ಮುರಕಲ್ಲಿನ ಕೆಂಪು ಯಾವ ವಿದೇಶಿ ಡಬ್ಬಿಯಲ್ಲಿ ಸಿಗುತ್ತೆ? ವಿಜಯಪುರದ ಎರೆಮಣ್ಣಿನ ಕಪ್ಪು? ಕೋಲಾರದ ಕೆಂಪು? ಆ ಬಣ್ಣಗಳನ್ನು ನಾವೇ ಬೆರೆಸಿಕೊಳ್ಳಬೇಕು. ಇಲ್ಲಾಂದ್ರೆ ಆ ಊರಿನ ಮಣ್ಣನ್ನೇ ಒಂದು ಹಿಡಿ ತಂದು ಒಣಗಿಸಿ, ವಸ್ತ್ರಗಾಳಿತ ಮಾಡಿ ಬಳಸಬಹುದು. ಒಂದೇ ಎಚ್ಚರಿಕೆ: ಅದರಲ್ಲಿ ಒಮ್ಮೆ ಅಯಸ್ಕಾಂತ ಆಡಿಸಿ. ಕಬ್ಬಿಣದ ಕಣ ಎಂಜಿನ್ನಿನ ಮೋಟರಿಗೆ ಸೇರಿಕೊಂಡರೆ ರೈಲು ಕೆಡುತ್ತೆ.

ಎಂಜಿನ್, ಬೋಗಿ ಅಂಗಡಿಯಲ್ಲಿ ಸಿಗುತ್ತೆ. ನೆಲ ಸಿಗಲ್ಲ. ಮುಂದಿನ ಸಲ ರೈಲಿನ ಕಿಟಕಿ ಪಕ್ಕ ಕೂತಾಗ ಫೋನ್ ಎತ್ತಿ ಹಳಿ ಪಕ್ಕದ ಬರಿ ಮಣ್ಣಿನದ್ದೊಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಕಂತಿನಲ್ಲಿ ಸಿಗೋಣ.